ಮಾರ್ಕೋನಿಯ ಅಲೆ, ಸರ್ಕಾರದ ಲೈಸೆನ್ಸು

ಹೋದ ತಿಂಗಳು ಹಾಸ್ಟೆಲ್ ವೈಫೈ ಮೂರು ದಿನ ಕೈಕೊಟ್ಟಾಗ ಕ್ಯಾಂಟೀನ್‌ನಲ್ಲಿ ಒಂದು ವಾದ ಶುರುವಾಯ್ತು. ಟೆರೇಸ್ ಮೇಲೆ ಒಂದು ಸ್ಯಾಟಲೈಟ್ ಡಿಶ್ ಇಟ್ಟುಬಿಟ್ರೆ ಈ ಗೋಳೇ ಇರಲ್ಲ ಅಂತ ಸೆಕೆಂಡ್ ಇಯರ್ ಹುಡುಗನೊಬ್ಬ ಅಂದ. ಹಾಗೆಲ್ಲ ಇಡೋಕಾಗಲ್ಲ, ಕೇಂದ್ರ ಸರ್ಕಾರದ ಲೈಸೆನ್ಸ್ ಇರೋ ಕಂಪನಿಯೇ ಆಗ್ಬೇಕು, ಅದಕ್ಕೆ ಭದ್ರತಾ ಷರತ್ತುಗಳ ಉದ್ದದ ಪಟ್ಟಿಯೇ ಇದೆ ಅಂತ ಇಸಿ ಬ್ರಾಂಚಿನವರು ಅಂದರು. ಹುಡುಗ ಬಿಡಲಿಲ್ಲ. ಆಕಾಶದಿಂದ ಬರೋ ಅಲೆಗೆ ನೆಲದ ಮೇಲಿನ ಗಡಿ ಯಾಕೆ, ಅದೇನು ಯಾರಪ್ಪನ ಆಸ್ತಿ ಅಂತ ಕೇಳಿದ. ಬೈಟು ಕಾಫಿ ಮುಗೀತು, ಉತ್ತರ ಸಿಗಲಿಲ್ಲ.

ಪ್ರಶ್ನೆ ಮಾತ್ರ ಒಳ್ಳೇದಿತ್ತು. ಅದರ ಬೆನ್ನು ಹತ್ತಿ ಹೋದ ನಮಗೆ ಕೊನೆಗೆ ಸಿಕ್ಕಿದ್ದು, ಮೊದಲ ಉಪಗ್ರಹ ಹಾರೋದಕ್ಕೆ ಇಪ್ಪತ್ತು ವರ್ಷ ಮೊದಲೇ ತೀರಿಕೊಂಡಿದ್ದ ಒಬ್ಬ ಮನುಷ್ಯ, ಗುಲ್ಯೆಲ್ಮೋ ಮಾರ್ಕೋನಿ. ಪಠ್ಯಪುಸ್ತಕದಲ್ಲಿ ಈತ ರೇಡಿಯೊ ಕಂಡುಹಿಡಿದವನು. ವಾಟ್ಸಾಪ್ ಫಾರ್ವರ್ಡಿನಲ್ಲಿ ಜಗದೀಶ ಚಂದ್ರ ಬೋಸರಿಂದ ಕದ್ದವನು. ಎರಡರಲ್ಲೂ ಬರದ ವಿಷಯ ಒಂದಿದೆ. ವೈರ್‌ಲೆಸ್‌ಗೆ ಲೈಸೆನ್ಸ್ ಬೇಕು, ವಿದೇಶಿ ಕಂಪನಿಗೆ ಮಿತಿ ಇರಬೇಕು, ಯುದ್ಧ ಬಂದರೆ ಸರ್ಕಾರ ಸ್ಟೇಷನ್ ವಶಕ್ಕೆ ತಗೋಬಹುದು ಎಂಬ ನಿಯಮಗಳು ಇವತ್ತು ಉಪಗ್ರಹ ಕಂಪನಿಗಳ ಮುಂದೆ ಬರುತ್ತವಲ್ಲ, ಅವುಗಳಲ್ಲಿ ಹಲವು ರೂಪ ಪಡೆದದ್ದು ಈ ಮನುಷ್ಯನ ಜೊತೆ, ಈತನ ಕಂಪನಿಯ ಜೊತೆ ಸರ್ಕಾರಗಳು ಆಡಿದ ಜಗಳಗಳಲ್ಲಿ.

ಮಾರ್ಕೋನಿ ಹುಟ್ಟಿದ್ದು 1874ರ ಏಪ್ರಿಲ್ 25ರಂದು, ಇಟಲಿಯ ಬೊಲೊನ್ಯಾ ಊರಿನಲ್ಲಿ. ಅಪ್ಪ ಜುಸೆಪ್ಪೆ ಜಮೀನುದಾರ. ಅಮ್ಮ ಆನಿ ಜೇಮ್ಸನ್ ಐರ್ಲೆಂಡಿನವಳು, ಹೆಸರಾಂತ ಜೇಮ್ಸನ್ ವಿಸ್ಕಿ ಮನೆತನದ ಹುಡುಗಿ. ಈ ಎರಡು ದೇಶದ ನಂಟು ಮುಂದೆ ಮಗನ ಬದುಕನ್ನೆಲ್ಲ ಎಳೆದಾಡಿತು, ನೆನಪಿಟ್ಟುಕೊಳ್ಳಿ. ಹುಡುಗ ಶಾಲೆಯಲ್ಲಿ ಅಂಥ ಬುದ್ಧಿವಂತನೇನಲ್ಲ. ವಿಶ್ವವಿದ್ಯಾಲಯಕ್ಕೆ ಸೇರಲು ಬೇಕಾದ ಅರ್ಹತೆ ದಕ್ಕಲೇ ಇಲ್ಲ. ಬ್ಯಾಕ್‌ಲಾಗ್ ಇಟ್ಟುಕೊಂಡಿರುವ ನಮ್ಮ ಗೆಳೆಯರು ಇಷ್ಟಕ್ಕೇ ಖುಷಿಪಡಬೇಡಿ, ಅವನ ಅಮ್ಮ ಸುಮ್ಮನೆ ಕೂರಲಿಲ್ಲ. ಬೊಲೊನ್ಯಾದ ಭೌತಶಾಸ್ತ್ರದ ಪ್ರೊಫೆಸರ್ ಔಗುಸ್ತೋ ರೀಗಿ ಇವರ ಹಳ್ಳಿಮನೆಯ ಹತ್ತಿರದವರೇ. ಆ ಪರಿಚಯದಿಂದ ಹುಡುಗನಿಗೆ ಅವರ ಲ್ಯಾಬಿನ, ಲೈಬ್ರರಿಯ ಬಾಗಿಲು ತೆರೆಯಿತು.

1894ರಲ್ಲಿ ಹೈನ್ರಿಶ್ ಹರ್ಟ್ಸ್ ತೀರಿಕೊಂಡರು. ವಿದ್ಯುತ್ಕಾಂತೀಯ ಅಲೆಗಳು ನಿಜವಾಗಿಯೂ ಇವೆ ಅಂತ ಪ್ರಯೋಗದಲ್ಲಿ ತೋರಿಸಿದವರು ಅವರು. ಅವರ ಕೆಲಸದ ಬಗ್ಗೆ ಓದಿದ ಮಾರ್ಕೋನಿಗೆ ಈ ಅಲೆಯಲ್ಲಿ ಟೆಲಿಗ್ರಾಫ್ ಕಳಿಸಿದರೆ ಹೇಗೆ ಅನ್ನೋ ಹುಚ್ಚು ಹಿಡಿಯಿತು. ಪಾಂಟೆಕ್ಕಿಯೊದ ವಿಲ್ಲಾ ಗ್ರಿಫೋನೆ ಮನೆಯ ಅಟ್ಟ ಅವನ ಲ್ಯಾಬ್ ಆಯ್ತು. ಕಿಡಿ ಹಾರಿಸುವ ಕಾಯಿಲ್, ಅಲೆ ಬಂದರೆ ವಿದ್ಯುತ್ ಹರಿಯಬಿಡುವ ಕೊಹಿರರ್ ಎಂಬ ಗಾಜಿನ ನಳಿಗೆ, ಇವೆಲ್ಲ ಬೇರೆಯವರು ಮಾಡಿದ್ದವೇ. ಮಾರ್ಕೋನಿ ಸೇರಿಸಿದ್ದು ಒಂದು ಸಾದಾ ಸಂಗತಿ. ಒಂದು ತುದಿಯನ್ನು ನೆಲಕ್ಕೆ ಹೂತು, ಇನ್ನೊಂದನ್ನು ಎತ್ತರಕ್ಕೆ ಏರಿಸಿದ. ಎತ್ತರ ಹೆಚ್ಚಿದ ಹಾಗೆ ದೂರ ಹೆಚ್ಚುತ್ತಾ ಹೋಯಿತು. 1895ರಲ್ಲಿ ಮನೆ ಹಿಂದಿನ ಗುಡ್ಡದ ಆಚೆಗೆ, ಸುಮಾರು 2 ಕಿಲೋಮೀಟರ್ ದೂರಕ್ಕೆ ಸಂಕೇತ ಮುಟ್ಟಿತು. ಗುಡ್ಡದ ಆಚೆ ರಿಸೀವರ್ ಹಿಡಿದಿದ್ದ ಅಣ್ಣ ಅಲ್ಫೋನ್ಸೋ, ಸಿಗ್ನಲ್ ಬಂತು ಅಂತ ತಿಳಿಸೋಕೆ ಬಂದೂಕಿನಿಂದ ಒಂದು ಗುಂಡು ಹಾರಿಸಿದನಂತೆ. ವೈರ್‌ಲೆಸ್‌ನ ಮೊದಲ ಅಕ್ನಾಲೆಜ್‌ಮೆಂಟ್ ಅದೇ ಇರಬೇಕು.

1896ರ ಫೆಬ್ರವರಿಯಲ್ಲಿ ಅಮ್ಮ, ಮಗ ಲಂಡನ್‌ಗೆ ಹೊರಟರು. ಅಲ್ಲಿ ಇಳಿದ ಕೂಡಲೇ ಕಸ್ಟಮ್ಸ್‌ನವರು ಪೆಟ್ಟಿಗೆ ತೆಗೆಸಿದರು. ಒಳಗೆ ತಂತಿ, ಬ್ಯಾಟರಿ, ಏನೇನೋ ನಳಿಗೆ. ಮುಂದೆ ಅಪ್ಪನ ಜೀವನಚರಿತ್ರೆ ಬರೆದ ಮಗಳು ದೆನ್ಯಾ ಹೇಳುವ ಪ್ರಕಾರ, ಆ ತಪಾಸಣೆಯಲ್ಲಿ ಯಂತ್ರ ಹಾಳಾಗಿ ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಎರಡೇ ವರ್ಷ ಹಿಂದೆ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋನನ್ನು ಇಟಲಿಯ ಅರಾಜಕತಾವಾದಿಯೊಬ್ಬ ಚಾಕುವಿನಿಂದ ಇರಿದು ಕೊಂದಿದ್ದ. ಇಟಲಿಯ ಹುಡುಗ, ಪೆಟ್ಟಿಗೆ ತುಂಬ ತಂತಿ ಅಂದ್ರೆ ಅವತ್ತಿನ ಅಧಿಕಾರಿಗೆ ಏನನ್ನಿಸಿರಬಹುದು ಅಂತ ಊಹಿಸೋದು ಕಷ್ಟವಲ್ಲ. ಪ್ರಾಜೆಕ್ಟ್ ಮಾಡೆಲ್ ಬ್ಯಾಗಲ್ಲಿಟ್ಟುಕೊಂಡು ಮೆಟ್ರೋ ಸ್ಕ್ಯಾನರ್ ಮುಂದೆ ನಿಂತವರಿಗೆ ಇದು ಗೊತ್ತಿರೋ ಅನುಭವವೇ.

1896ರ ಜೂನ್ 2ರಂದು ಪೇಟೆಂಟ್ ಅರ್ಜಿ ಹಾಕಿದ. ಬ್ರಿಟಿಷ್ ಅಂಚೆ ಇಲಾಖೆಯ ಮುಖ್ಯ ಎಂಜಿನಿಯರ್ ವಿಲಿಯಂ ಪ್ರೀಸ್ ಈ ಹುಡುಗನನ್ನು ಬಹಳ ಮೆಚ್ಚಿಕೊಂಡರು. ಅಂಚೆ ಕಚೇರಿಯ ಮಾಳಿಗೆಯಿಂದ, ಆಮೇಲೆ ಸಾಲಿಸ್‌ಬರಿ ಬಯಲಿನಲ್ಲಿ ಸೈನ್ಯ ಮತ್ತು ನೌಕಾಪಡೆಯವರ ಎದುರು ಪ್ರಯೋಗ ನಡೆಯಿತು. 1897ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಕಾಲುವೆಯ ಮೇಲೆ, ಲ್ಯಾವರ್ನಾಕ್ ಮತ್ತು ಫ್ಲಾಟ್ ಹೋಮ್ ದ್ವೀಪದ ನಡುವೆ ಸುಮಾರು 6 ಕಿಲೋಮೀಟರ್ ನೀರನ್ನು ದಾಟಿ ಸಂದೇಶ ಹೋಯಿತು. ಇನ್ನೇನು ಸರ್ಕಾರವೇ ಇದನ್ನು ಕೊಂಡುಕೊಳ್ಳುತ್ತದೆ ಅಂದುಕೊಳ್ಳುವಷ್ಟರಲ್ಲಿ, ಅದೇ ವರ್ಷದ ಜುಲೈ 20ರಂದು ಮಾರ್ಕೋನಿ ಅಮ್ಮನ ಕಡೆಯ ನೆಂಟರ ದುಡ್ಡಿನಲ್ಲಿ ತನ್ನದೇ ಕಂಪನಿ ಶುರುಮಾಡಿಬಿಟ್ಟ. ಪ್ರೀಸ್‌ಗೆ ಬೇಜಾರಾಯಿತು.

ಮೊದಲ ಸಿಕ್ಕು ಇಲ್ಲೇ ಬಿದ್ದದ್ದು. ಬ್ರಿಟನ್ನಿನಲ್ಲಿ ದುಡ್ಡು ತಗೊಂಡು ಟೆಲಿಗ್ರಾಂ ಕಳಿಸುವ ಹಕ್ಕು ಅಂಚೆ ಇಲಾಖೆಯೊಬ್ಬರದೇ, ಕಾನೂನಿನ ಏಕಸ್ವಾಮ್ಯ. ಖಾಸಗಿಯವನು ಪದಕ್ಕೆ ಇಷ್ಟು ಅಂತ ವಸೂಲಿ ಮಾಡುವ ಹಾಗಿಲ್ಲ. ಮಾರ್ಕೋನಿ ಕಂಪನಿ ಒಂದು ಉಪಾಯ ಮಾಡಿತು. ಸಂದೇಶಕ್ಕೆ ದುಡ್ಡು ತಗೊಳ್ಳಲೇ ಇಲ್ಲ. ಹಡಗಿನವರಿಗೆ ಯಂತ್ರ ಬಾಡಿಗೆಗೆ, ಜೊತೆಗೆ ಅದನ್ನು ನಡೆಸುವ ಆಪರೇಟರ್ ಕೂಡ ಕಂಪನಿಯವನೇ, ವರ್ಷಕ್ಕೆ ಇಷ್ಟು ಅಂತ ಒಪ್ಪಂದ. ಇವತ್ತಿನ ಸ್ಟಾರ್ಟಪ್ ಹುಡುಗರು ಸಬ್‌ಸ್ಕ್ರಿಪ್ಷನ್ ಮಾಡೆಲ್ ಅಂತಾರಲ್ಲ, ಅದೇ. ಕಾನೂನಿನ ಸಂದಿಯಲ್ಲಿ ನುಸುಳಲು ಹುಟ್ಟಿದ ಈ ಉಪಾಯವೇ ಮುಂದೆ ಲೋಕದ ಸಮುದ್ರಗಳನ್ನೆಲ್ಲ ಒಂದೇ ಕಂಪನಿಯ ಹಿಡಿತಕ್ಕೆ ತಂದಿಡುವ ಹಾಗಾಯಿತು.

1901ರ ಡಿಸೆಂಬರ್ 12. ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್ ಊರಿನ ಸಿಗ್ನಲ್ ಹಿಲ್. ಗಾಳಿಪಟಕ್ಕೆ ಆಂಟೆನಾ ತಂತಿ ಕಟ್ಟಿ ಹಾರಿಸಿ, ಇಯರ್‌ಫೋನ್ ಕಿವಿಗೆ ಒತ್ತಿಕೊಂಡು ಮಾರ್ಕೋನಿ ಕೂತಿದ್ದ. ಅಟ್ಲಾಂಟಿಕ್‌ನ ಆಚೆ, ಸುಮಾರು 3,400 ಕಿಲೋಮೀಟರ್ ದೂರದ ಪೋಲ್ಡು ಸ್ಟೇಷನ್ನಿಂದ ಮೋರ್ಸ್‌ನ ಎಸ್ ಅಕ್ಷರ, ಅಂದರೆ ಮೂರು ಚುಕ್ಕೆ, ಕೇಳಿಸಿತು ಅಂತ ಪ್ರಕಟಿಸಿದ. ಕೇಳಿಸಿಕೊಂಡವರು ಇಬ್ಬರೇ, ಮಾರ್ಕೋನಿ ಮತ್ತು ಸಹಾಯಕ ಜಾರ್ಜ್ ಕೆಂಪ್. ಹಗಲು ಹೊತ್ತಿನಲ್ಲಿ ಆ ತರಂಗಾಂತರದ ಅಲೆ ಅಷ್ಟು ದೂರ ಹೋಗೋದು ಹೇಗೆ ಅಂತ ಎಂಜಿನಿಯರುಗಳು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ. ಎರಡು ತಿಂಗಳ ನಂತರ ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಕಾಗದದ ಪಟ್ಟಿಯ ಮೇಲೆ ಸಂಕೇತ ಮುದ್ರಿಸಿ, ಹಗಲಿಗಿಂತ ರಾತ್ರಿ ದೂರ ಹೆಚ್ಚು ಅಂತಲೂ ತೋರಿಸಿದ ಮೇಲೆ ಅನುಮಾನ ಕಡಿಮೆಯಾಯಿತು. ಸಿಗ್ನಲ್ ಹಿಲ್‌ನಲ್ಲಿ ಬಳಸಿದ ಪಾದರಸದ ಡಿಟೆಕ್ಟರ್ ಇಟಲಿಯ ನೌಕಾಪಡೆಯಿಂದ ಬಂದದ್ದು. ಅಂಥದೇ ಕಬ್ಬಿಣ ಮತ್ತು ಪಾದರಸದ ಡಿಟೆಕ್ಟರನ್ನು 1899ರಲ್ಲೇ ಬೋಸರು ರಾಯಲ್ ಸೊಸೈಟಿಯ ಪ್ರಬಂಧದಲ್ಲಿ ವಿವರಿಸಿದ್ದರು. ಬೋಸರಿಗೆ ಆಗ ಸಿಗಬೇಕಿದ್ದ ಹೆಸರು ಸಿಗಲಿಲ್ಲ ಅನ್ನೋದು ನಿಜ. ಹಾಗಂತ ಇಡೀ ವ್ಯವಸ್ಥೆಯನ್ನು ಕದ್ದ ಅನ್ನೋದು ನಮಗೆ ಅತಿ ಅನ್ನಿಸುತ್ತದೆ.

ನಮ್ಮ ಕಥೆಗೆ ಮುಖ್ಯವಾದದ್ದು ಆಮೇಲಿನ ವಾರ. ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ಆಂಗ್ಲೋ ಅಮೆರಿಕನ್ ಟೆಲಿಗ್ರಾಫ್ ಕಂಪನಿಯಿಂದ ಮಾರ್ಕೋನಿಗೆ ಲಾಯರ್ ನೋಟಿಸ್ ಬಂತು. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಟೆಲಿಗ್ರಾಫಿನ ಪೂರ್ತಿ ಹಕ್ಕು ಸಮುದ್ರದಡಿಯ ಕೇಬಲ್ ಹಾಕಿದ್ದ ಆ ಕಂಪನಿಯದು. ಗಾಳಿಪಟ ಇಳಿಸು, ಇಲ್ಲ ಕೋರ್ಟಿಗೆ ಬಾ ಅನ್ನುವ ಧಾಟಿ. ಕಡಲು ದಾಟಿ ಬಂದ ಅಲೆಗೆ ಇಳಿಯಲು ಒಪ್ಪಿಗೆ ಇಲ್ಲ! ಉಪಗ್ರಹದ ಸಿಗ್ನಲ್ ಒಂದು ದೇಶದಲ್ಲಿ ಇಳಿಸೋಕೆ ಇವತ್ತು ಲ್ಯಾಂಡಿಂಗ್ ರೈಟ್ಸ್ ಅಂತ ಕೇಳ್ತಾರಲ್ಲ, ಹೆಚ್ಚು ಕಡಿಮೆ ಅದೇ ಜಗಳ. ಮಾರ್ಕೋನಿ ವಾದ ಮಾಡದೆ ಪಕ್ಕದ ಕೆನಡಾಗೆ ಹೊರಟ. ಅಲ್ಲಿನ ಸರ್ಕಾರ 80,000 ಡಾಲರ್ ಕೊಟ್ಟು ಗ್ಲೇಸ್ ಬೇ ಎಂಬಲ್ಲಿ ಸ್ಟೇಷನ್ ಕಟ್ಟಿಸಿತು.

ಇನ್ನು ಗುಟ್ಟಿನ ವಿಷಯ. ತನ್ನ ಸಂದೇಶ ಯಾರಿಗೂ ಕದ್ದು ಕೇಳಲು ಆಗೋದಿಲ್ಲ ಅಂತ ಮಾರ್ಕೋನಿ ಹೇಳಿಕೊಂಡು ತಿರುಗುತ್ತಿದ್ದ. 1900ರಲ್ಲಿ ಪಡೆದ 7777 ನಂಬರಿನ ಪೇಟೆಂಟ್ ಟ್ಯೂನಿಂಗ್‌ನದು. ಕಳಿಸುವವನೂ ಕೇಳುವವನೂ ಒಂದೇ ತರಂಗಾಂತರಕ್ಕೆ ಹೊಂದಿಸಿಕೊಂಡರೆ ಮೂರನೆಯವನಿಗೆ ಸಿಗೋದಿಲ್ಲ ಅನ್ನೋದು ವಾದ. ಫಸ್ಟ್ ಇಯರ್ ಹುಡುಗರಿಗೂ ಇದರ ತಪ್ಪು ಗೊತ್ತಾಗುತ್ತೆ. ಮೂರನೆಯವನೂ ನಾಬ್ ತಿರುಗಿಸಿದರೆ ಮುಗೀತು. ಟ್ಯೂನಿಂಗ್ ಗದ್ದಲ ಕಡಿಮೆ ಮಾಡುತ್ತೆ, ಗುಟ್ಟು ಕಾಯೋದಿಲ್ಲ. ಇದನ್ನು ಲೋಕಕ್ಕೆ ತೋರಿಸಿದವನು ನೆವಿಲ್ ಮ್ಯಾಸ್ಕೆಲಿನ್, ಲಂಡನ್ನಿನ ಹೆಸರಾಂತ ಜಾದೂಗಾರರ ಮನೆಯವನು. ಹೊಟ್ಟೆಕಿಚ್ಚಿನ ಕೇಬಲ್ ಕಂಪನಿಯೊಂದು ಅವನನ್ನು ಗೊತ್ತುಮಾಡಿಕೊಂಡು ಕಾರ್ನ್‌ವಾಲ್ ಕರಾವಳಿಯಲ್ಲಿ ರಿಸೀವರ್ ಹಾಕಿಸಿತು. ಮಾರ್ಕೋನಿಯ ಸಂದೇಶಗಳು ಸಲೀಸಾಗಿ ಕೇಳಿಸಿದವು. ಅವನದನ್ನು ಪತ್ರಿಕೆಯಲ್ಲಿ ಬರೆದ.

ಅಲ್ಲಿಗೂ ಬಿಡಲಿಲ್ಲ. 1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಅವರ ಉಪನ್ಯಾಸ. ನಮ್ಮ ಸಿಲಬಸ್ಸಿನ ಡಯೋಡ್ ಪಾಠದ ಮೊದಲ ಪುಟದಲ್ಲಿ ಬರೋ ಅದೇ ಫ್ಲೆಮಿಂಗ್. ದೂರದಿಂದ ಮಾರ್ಕೋನಿ ಕಳಿಸುವ ಸಂದೇಶ ಸಭೆಯಲ್ಲಿ ಮೂಡಿಬರಬೇಕು. ಅದಕ್ಕೆ ಸ್ವಲ್ಪ ಮೊದಲು ಯಂತ್ರ ತಾನಾಗಿಯೇ ಟಕಟಕ ಅನ್ನತೊಡಗಿತು. ಮೊದಲು ಇಲಿಗಳು ಅನ್ನೋ ಪದ ಮತ್ತೆ ಮತ್ತೆ. ಆಮೇಲೆ, ಜನರಿಗೆ ಟೋಪಿ ಹಾಕಿದ ಇಟಲಿಯ ಹುಡುಗನ ಬಗ್ಗೆ ಒಂದು ಗೇಲಿ ಪದ್ಯ. ಹತ್ತಿರದ ನಾಟಕಶಾಲೆಯಿಂದ ಮ್ಯಾಸ್ಕೆಲಿನ್ ಕಳಿಸುತ್ತಿದ್ದ. ಸಿಟ್ಟಾದ ಫ್ಲೆಮಿಂಗ್ ಪತ್ರಿಕೆಗೆ ಬರೆದು ಕಿಡಿಗೇಡಿಯನ್ನು ಹುಡುಕಿಕೊಡಿ ಅಂದರೆ, ಮ್ಯಾಸ್ಕೆಲಿನ್ ತಾನೇ ಮುಂದೆ ಬಂದು ನಾನೇ ಮಾಡಿದ್ದು ಅಂದ. ವೈರ್‌ಲೆಸ್ ಹ್ಯಾಕಿಂಗ್‌ನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ಶುರುಮಾಡುತ್ತಾರೆ. ನಮ್ಮ ಪ್ರಕಾರ ಇದು ಸರ್ಕಾರಗಳ ಕಣ್ಣು ತೆರೆಸಿದ ಘಟನೆಯೂ ಹೌದು. ಆಕಾಶದಲ್ಲಿ ಹೋಗೋದನ್ನು ಯಾರು ಬೇಕಾದರೂ ಕೇಳಬಹುದು, ಯಾರು ಬೇಕಾದರೂ ಕೆಡಿಸಬಹುದು ಅಂದಮೇಲೆ ಯಾರ ಕೈಯಲ್ಲಿ ಟ್ರಾನ್ಸ್‌ಮಿಟರ್ ಇದೆ ಅನ್ನೋದು ಖಾಸಗಿ ವಿಷಯ ಆಗಿ ಉಳಿಯಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ತಕರಾರು ಬೆಳೆಯುತ್ತಿತ್ತು, ಅದರಲ್ಲಿ ತಪ್ಪು ಪೂರ್ತಿ ಮಾರ್ಕೋನಿ ಕಡೆಯದು. ತನ್ನ ಯಂತ್ರ ಇಲ್ಲದ ಹಡಗಿನ ಜೊತೆ ತನ್ನ ಆಪರೇಟರುಗಳು ಮಾತಾಡಕೂಡದು ಅಂತ ಕಂಪನಿಯ ನಿಯಮ. 1902ರಲ್ಲಿ ಜರ್ಮನ್ ಚಕ್ರವರ್ತಿಯ ತಮ್ಮ ರಾಜಕುಮಾರ ಹೈನ್ರಿಶ್ ಅಮೆರಿಕದಿಂದ ಡಾಯ್ಚ್‌ಲ್ಯಾಂಡ್ ಎಂಬ ಹಡಗಿನಲ್ಲಿ ಮರಳುತ್ತಿದ್ದ. ಹಡಗಿನಲ್ಲಿದ್ದದ್ದು ಜರ್ಮನ್ ಯಂತ್ರ. ಅಧ್ಯಕ್ಷ ರೂಸ್‌ವೆಲ್ಟ್‌ಗೆ ಧನ್ಯವಾದ ಕಳಿಸೋಣ ಅಂದರೆ ಮಾರ್ಕೋನಿ ಸ್ಟೇಷನ್ನುಗಳು ಕಿವಿಗೊಡಲಿಲ್ಲ. ಕೈಸರ್‌ಗೆ ಕೆಂಡಾಮಂಡಲ ಕೋಪ. 1903ರಲ್ಲಿ ಬರ್ಲಿನ್‌ನಲ್ಲಿ ದೇಶಗಳ ಸಭೆ ಸೇರಿತು, 1906ರಲ್ಲಿ ಅದೇ ಊರಿನಲ್ಲಿ ಅಂತಾರಾಷ್ಟ್ರೀಯ ಒಪ್ಪಂದವೇ ಆಯಿತು. ಯಾರ ಯಂತ್ರವಾದರೂ ಹಡಗು ಮತ್ತು ಕರಾವಳಿ ಸ್ಟೇಷನ್ನುಗಳು ಪರಸ್ಪರ ಮಾತಾಡಲೇಬೇಕು ಅಂತ ಬಂತು. ಎಸ್‌ಒಎಸ್ ಸಂಕೇತ ಲೋಕಕ್ಕೆಲ್ಲ ಒಂದಾದದ್ದೂ ಆ ಒಪ್ಪಂದದಲ್ಲೇ. ಅಲೆಗೆ ಗಡಿ ಬೇಡ ಅನ್ನುತ್ತಿದ್ದವನು ತಾನೇ ಕಡಲಿಗೆ ಬೇಲಿ ಹಾಕಲು ಹೊರಟಿದ್ದ.

ಒಪ್ಪಂದಕ್ಕೆ ಸಹಿ ಹಾಕಬೇಕಾದರೆ ತನ್ನ ನೆಲದ ಖಾಸಗಿ ಸ್ಟೇಷನ್ನುಗಳ ಮೇಲೆ ಸರ್ಕಾರಕ್ಕೆ ಹಿಡಿತ ಇರಬೇಕಲ್ಲ? ನೌಕಾಪಡೆಗೂ ಅದೇ ಬೇಕಿತ್ತು. 1904ರಲ್ಲಿ ಬ್ರಿಟನ್ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ತಂದಿತು. ಪೋಸ್ಟ್‌ಮಾಸ್ಟರ್ ಜನರಲ್ ಲೈಸೆನ್ಸ್ ಇಲ್ಲದೆ ನೆಲದ ಮೇಲಾಗಲಿ, ಬ್ರಿಟಿಷ್ ಹಡಗಿನಲ್ಲಾಗಲಿ ಯಾರೂ ವೈರ್‌ಲೆಸ್ ಸ್ಥಾಪಿಸುವ ಹಾಗಿಲ್ಲ. ಪ್ರಯೋಗ ಮಾಡುವವರಿಗೆ ಮಾತ್ರ ಬಾಡಿಗೆ, ರಾಯಲ್ಟಿ ಇಲ್ಲದೆ ಲೈಸೆನ್ಸ್. ಇಂದಿನ ಹ್ಯಾಮ್‌ಗಳ ಮೂಲಪುರುಷರು ಇವರೇ. ನಮ್ಮ ಕ್ಯಾಂಪಸ್‌ನಲ್ಲೂ ಇಬ್ಬರು ಹ್ಯಾಮ್ ಪರೀಕ್ಷೆ ಬರೆದು ಲೈಸೆನ್ಸ್‌ಗೆ ಕಾಯ್ತಾ ಕೂತಿದ್ದಾರೆ, ಅವರು ಯಾರನ್ನು ಬಯ್ಯಬೇಕು ಅಂತ ಈಗ ಗೊತ್ತಾಯ್ತಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. 1909ರಲ್ಲಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಜೊತೆ ಮಾರ್ಕೋನಿಗೆ ಭೌತಶಾಸ್ತ್ರದ ನೊಬೆಲ್ ಬಂತು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ ಕೊನೆ ತನಕ ಕೀ ಒತ್ತಿದ ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್ ಇಬ್ಬರೂ ಮಾರ್ಕೋನಿ ಕಂಪನಿಯ ನೌಕರರು. ಬದುಕಿ ಉಳಿದ ಸುಮಾರು 700 ಜನ ವೈರ್‌ಲೆಸ್‌ನಿಂದ ಉಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕ ತನ್ನ ರೇಡಿಯೊ ಕಾಯ್ದೆ ಮಾಡಿ, ಲೈಸೆನ್ಸ್ ಸಿಗೋದು ತನ್ನ ಪ್ರಜೆಗಳಿಗೆ ಅಥವಾ ತನ್ನ ನೆಲದಲ್ಲಿ ನೋಂದಾಯಿಸಿದ ಕಂಪನಿಗಳಿಗೆ ಮಾತ್ರ ಅಂತ ಬರೆಯಿತು. ಯುದ್ಧ ಬಂದರೆ ಯಾವ ಸ್ಟೇಷನ್ನನ್ನಾದರೂ ಮುಚ್ಚಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿತು. ಆ ಸೆಪ್ಟೆಂಬರ್‌ನಲ್ಲಿ ಇಟಲಿಯಲ್ಲಿ ಕಾರು ಅಪಘಾತವಾಗಿ ಮಾರ್ಕೋನಿ ಒಂದು ಕಣ್ಣು ಕಳಕೊಂಡ. ಸಾಮ್ರಾಜ್ಯದ ವೈರ್‌ಲೆಸ್ ಸರಪಳಿ ಕಟ್ಟುವ ಗುತ್ತಿಗೆ ಆತನ ಕಂಪನಿಗೆ ಸಿಕ್ಕಾಗ, ಬ್ರಿಟಿಷ್ ಮಂತ್ರಿಗಳು ಅದರ ಅಮೆರಿಕನ್ ಶಾಖೆಯ ಷೇರು ಕೊಂಡಿದ್ದರು ಅಂತ ದೊಡ್ಡ ಹಗರಣವಾಯಿತು. ಅದರಲ್ಲಿ ಈತನ ತಪ್ಪು ಇರಲಿಲ್ಲ, ಹೆಸರು ಮಾತ್ರ ಮಾರ್ಕೋನಿ ಹಗರಣ ಅಂತಲೇ ಉಳಿಯಿತು.

1914ರಲ್ಲಿ ಮಹಾಯುದ್ಧ. ಬ್ರಿಟನ್ ಯುದ್ಧ ಸಾರಿದ ಮರುದಿನ ಬೆಳಗ್ಗೆಯೇ ಅದರ ಹಡಗೊಂದು ಸಮುದ್ರದಡಿಯ ಜರ್ಮನ್ ಕೇಬಲ್‌ಗಳನ್ನು ಕತ್ತರಿಸಿತು. ಜರ್ಮನಿಗೆ ಹೊರಲೋಕದ ಜೊತೆ ಮಾತಾಡಲು ಮುಖ್ಯವಾಗಿ ಉಳಿದದ್ದು ವೈರ್‌ಲೆಸ್. ನ್ಯೂಯಾರ್ಕ್ ಹತ್ತಿರದ ಸೇವಿಲ್‌ನಲ್ಲಿ ಜರ್ಮನ್ ಒಡೆತನದ ದೊಡ್ಡ ಸ್ಟೇಷನ್ ಇತ್ತು. ಅಮೆರಿಕ ಆಗಿನ್ನೂ ತಟಸ್ಥ. ವ್ಯಾಪಾರದ ಸಂದೇಶ ಅಂತ ಹೋಗುತ್ತಿದ್ದುದರಲ್ಲಿ ಗುಪ್ತ ಸಂಕೇತ ಇದೆಯೋ ಅನ್ನುವ ಅನುಮಾನ ಎದ್ದಿತು. ಚಾರ್ಲ್ಸ್ ಆಪ್ಗರ್ ಎಂಬ ಹವ್ಯಾಸಿ ನ್ಯೂಜೆರ್ಸಿಯ ತನ್ನ ಮನೆಯಲ್ಲಿ ಕೂತು 1915ರಲ್ಲಿ ರಾತ್ರಿಗಟ್ಟಲೆ ಆ ಸದ್ದನ್ನು ಫೋನೋಗ್ರಾಫಿನ ಮೇಣದ ಸಿಲಿಂಡರುಗಳ ಮೇಲೆ ರೆಕಾರ್ಡ್ ಮಾಡಿ ಸರ್ಕಾರಕ್ಕೆ ಕೊಟ್ಟ. ನೌಕಾಪಡೆ ಸ್ಟೇಷನ್ನನ್ನು ವಶಕ್ಕೆ ತಗೊಂಡಿತು. ಒಬ್ಬ ಹವ್ಯಾಸಿಯ ಕೈಚಳಕ ನೋಡಿ ನಮಗಂತೂ ರೋಮಾಂಚನವಾಯ್ತು.

1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿದಾಗ ಸರದಿ ಮಾರ್ಕೋನಿಯದು. ಅವನ ಕಂಪನಿ ಶತ್ರುದೇಶದ್ದಲ್ಲ, ಮಿತ್ರದೇಶದ್ದು. ಆದರೂ ಅಮೆರಿಕನ್ ಮಾರ್ಕೋನಿಯ ಐವತ್ತಕ್ಕೂ ಹೆಚ್ಚು ಸ್ಟೇಷನ್ನುಗಳನ್ನು ನೌಕಾಪಡೆ ತನ್ನದು ಮಾಡಿಕೊಂಡಿತು. ಯುದ್ಧ ಮುಗಿದ ಮೇಲೆ ವಾಪಸು ಕೊಡುತ್ತಾರೆ ಅಂದುಕೊಂಡರೆ, ಕಥೆ ಬೇರೆಯೇ ಆಯಿತು. ಖಂಡಾಂತರ ಸಂವಹನಕ್ಕೆ ಆಗ ಅತ್ಯುತ್ತಮ ಯಂತ್ರ ಜನರಲ್ ಎಲೆಕ್ಟ್ರಿಕ್ ಕಂಪನಿಯ ಅಲೆಕ್ಸಾಂಡರ್‌ಸನ್ ಆಲ್ಟರ್ನೇಟರ್. ಕಿಡಿ ಹಾರಿಸದೆ ಒಂದೇ ಸಮನೆ ಅಲೆ ಹುಟ್ಟಿಸುವ ದೈತ್ಯ. ಮಾರ್ಕೋನಿ ಕಂಪನಿ ಅವನ್ನು ಕೊಳ್ಳಲು ಮಾತುಕತೆ ನಡೆಸಿತ್ತು. ಲೋಕದ ಕೇಬಲ್ ಜಾಲ ಹೆಚ್ಚಾಗಿ ಬ್ರಿಟಿಷರ ಕೈಯಲ್ಲಿದೆ, ಇನ್ನು ಅಲೆಯೂ ಅವರದ್ದೇ ಆದರೆ ನಮ್ಮ ಪ್ರತಿ ಮಾತೂ ಲಂಡನ್ ಕಿವಿ ದಾಟಿ ಹೋಗಬೇಕಾಗುತ್ತದೆ ಅನ್ನೋದು ಅಮೆರಿಕನ್ ನೌಕಾಧಿಕಾರಿಗಳ ಭಯ. 1919ರ ವಸಂತದಲ್ಲಿ ಅವರು ಮಧ್ಯೆ ಬಂದು ಮಾರಾಟ ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಆರ್‌ಸಿಎ, ಅಂದರೆ ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕ ಹುಟ್ಟಿತು. ಅಮೆರಿಕನ್ ಮಾರ್ಕೋನಿಯ ಸ್ಟೇಷನ್, ನೌಕರರು, ಪೇಟೆಂಟ್ ಎಲ್ಲ ಅದಕ್ಕೆ ಸೇರಿದವು. ವಿದೇಶಿಯರ ಪಾಲು 20 ಶೇಕಡಕ್ಕಿಂತ ಹೆಚ್ಚಿರಬಾರದು, ನಿರ್ದೇಶಕರು ಅಮೆರಿಕನ್ನರೇ ಆಗಿರಬೇಕು, ಬೋರ್ಡ್ ಮೀಟಿಂಗಿನಲ್ಲಿ ಸರ್ಕಾರದ ಪ್ರತಿನಿಧಿ ಕೂರಬಹುದು ಅಂತ ಷರತ್ತು. ಇಪ್ಪತ್ತು ವರ್ಷ ಕಟ್ಟಿದ್ದನ್ನು ಮಾರ್ಕೋನಿ ಕಂಪನಿ ಮಾರಿ ಕೈತೊಳೆದುಕೊಳ್ಳಬೇಕಾಯಿತು.

ಈ 20 ಶೇಕಡ ಅನ್ನೋ ಅಂಕಿ ಅಲ್ಲಿಗೆ ಮುಗಿಯಲಿಲ್ಲ. ಅಮೆರಿಕದ 1934ರ ಕಮ್ಯುನಿಕೇಷನ್ಸ್ ಕಾಯ್ದೆಯ 310ನೇ ಸೆಕ್ಷನ್‌ಗೆ ಅದು ನಡೆದುಬಂತು. ಈ ಕಾಯ್ದೆಯ ಚೌಕಟ್ಟಿನಲ್ಲೇ ಅಲ್ಲಿ ಉಪಗ್ರಹ ಸಂವಹನಕ್ಕೂ ಲೈಸೆನ್ಸ್ ಕೊಡೋದು. ವಿದೇಶಿ ಪಾಲು ಇರುವ ಅರ್ಜಿಗಳನ್ನು ರಕ್ಷಣೆ, ನ್ಯಾಯ, ಗೃಹಭದ್ರತಾ ಇಲಾಖೆಗಳು ಸೇರಿ ಪರಿಶೀಲಿಸುವ ಒಂದು ಸಮಿತಿಯೂ ಇದೆ. ಅಡ್ಡಹೆಸರು ಟೀಮ್ ಟೆಲಿಕಾಂ, 2020ರಲ್ಲಿ ಅಧ್ಯಕ್ಷರ ಆದೇಶದಿಂದ ಅದಕ್ಕೆ ಅಧಿಕೃತ ರೂಪ ಬಂತು.

ನಮ್ಮ ದೇಶದ್ದೂ ಅದೇ ಜಾಡು. 1885ರ ಇಂಡಿಯನ್ ಟೆಲಿಗ್ರಾಫ್ ಕಾಯ್ದೆಯ 4ನೇ ಸೆಕ್ಷನ್ ಟೆಲಿಗ್ರಾಫಿನ ಪೂರ್ತಿ ಹಕ್ಕನ್ನು ಸರ್ಕಾರಕ್ಕಿಟ್ಟು, ಬೇರೆಯವರಿಗೆ ಲೈಸೆನ್ಸ್ ಅಂತ ಹೇಳಿತು. 5ನೆಯದು ತುರ್ತುಸ್ಥಿತಿಯಲ್ಲಿ ವಶಕ್ಕೆ ತಗೊಳ್ಳುವ, ಸಂದೇಶ ತಡೆದು ನೋಡುವ ಅಧಿಕಾರ. 1933ರಲ್ಲಿ ವೈರ್‌ಲೆಸ್‌ಗೇ ಒಂದು ಕಾಯ್ದೆ ಬಂತು. ಈಗ 2023ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಇವುಗಳ ಜಾಗಕ್ಕೆ ಬರುತ್ತಿದೆ. ಉಪಗ್ರಹ ಇಂಟರ್ನೆಟ್ಟಿಗೆ 2025ರ ಮೇ ತಿಂಗಳಲ್ಲಿ ಹೆಚ್ಚುವರಿ ಭದ್ರತಾ ಷರತ್ತು ಬಂದವು. ಅದರ ತಿರುಳು ತಾಂತ್ರಿಕವಾದದ್ದು. ಕೆಳಕಕ್ಷೆಯ ಉಪಗ್ರಹ ನಿಮ್ಮ ಡಿಶ್‌ನಿಂದ ಸಿಗ್ನಲ್ ತಗೊಂಡು, ಪಕ್ಕದ ಉಪಗ್ರಹಕ್ಕೆ ಲೇಸರ್‌ನಲ್ಲಿ ದಾಟಿಸಿ, ಇನ್ಯಾವುದೋ ದೇಶದ ಗೇಟ್‌ವೇಯಲ್ಲಿ ಇಳಿಸಬಹುದು. ಆಗ ಆ ಸಂದೇಶ ನಮ್ಮ ನೆಲದ ಒಂದು ತಂತಿಯನ್ನೂ ಮುಟ್ಟೋದಿಲ್ಲ. ಅದಕ್ಕೇ ಭಾರತದ ಬಳಕೆದಾರನ ಟ್ರಾಫಿಕ್ ಭಾರತದ ಗೇಟ್‌ವೇ ಮೂಲಕವೇ ಹೋಗಬೇಕು, ಕಾನೂನುಬದ್ಧ ಕದ್ದಾಲಿಕೆಗೆ ಅಲ್ಲಿ ವ್ಯವಸ್ಥೆ ಇರಬೇಕು, ಗಡಿಯಿಂದ 50 ಕಿಲೋಮೀಟರ್ ಒಳಗಿನ ಪಟ್ಟಿಯ ಮೇಲೆ ವಿಶೇಷ ನಿಗಾ ಇರಬೇಕು ಅಂತೆಲ್ಲ. ಕದ್ದಾಲಿಕೆ ಅನ್ನೋ ಪದ ಕೇಳಿದಾಗ ನಮಗೂ ಕಿರಿಕಿರಿ ಆಗುತ್ತೆ. ಯಾರು ಯಾವಾಗ ಯಾರ ಒಪ್ಪಿಗೆಯಿಂದ ಕೇಳಬಹುದು ಅನ್ನೋದು ಕೇಳಲೇಬೇಕಾದ ಪ್ರಶ್ನೆ. ಆದರೆ ಸೇವಿಲ್‌ನ ಮೇಣದ ಸಿಲಿಂಡರು, ಲಂಡನ್ ಕಿವಿಯ ಭಯ ಎರಡನ್ನೂ ಓದಿದ ಮೇಲೆ ಲೈಸೆನ್ಸೇ ಬೇಡ ಅನ್ನೋ ಹುಡುಗನ ಪಕ್ಷ ನಾವು ಪೂರ್ತಿ ವಹಿಸಲಾರೆವು.

ಮಾರ್ಕೋನಿಗೆ ಹಿಂದಿರುಗೋಣ. ಯುದ್ಧದ ನಂತರ ಒಂದು ಹಳೆಯ ಐಷಾರಾಮಿ ಹಡಗನ್ನು ಕೊಂಡು ಎಲೆತ್ರಾ ಅಂತ ಹೆಸರಿಟ್ಟು ಅದನ್ನೇ ತೇಲುವ ಲ್ಯಾಬ್ ಮಾಡಿಕೊಂಡ. ಇತ್ತ ಬ್ರಿಟನ್ನಿನಲ್ಲಿ ಆತನ ಕಂಪನಿ 1920ರ ಜೂನ್‌ನಲ್ಲಿ ಚೆಲ್ಮ್ಸ್‌ಫರ್ಡ್‌ನಿಂದ ಗಾಯಕಿ ನೆಲ್ಲಿ ಮೆಲ್ಬಾಳ ಹಾಡು ಪ್ರಸಾರ ಮಾಡಿತು. ಜನ ಕುಣಿದಾಡಿದರು. ಅಂಚೆ ಇಲಾಖೆ, ಮುಖ್ಯವಾದ ಸಂವಹನಕ್ಕೆ ತೊಂದರೆ ಆಗ್ತಿದೆ ಅಂತ ಕೆಲವು ತಿಂಗಳಲ್ಲೇ ಅದನ್ನು ನಿಲ್ಲಿಸಿತು. 1922ರಲ್ಲಿ ರಿಟ್ಲ್ ಎಂಬ ಹಳ್ಳಿಯಿಂದ ವಾರಕ್ಕೆ ಅರ್ಧ ಗಂಟೆ ಪ್ರಸಾರಕ್ಕೆ ಒಪ್ಪಿಗೆ ಕೊಟ್ಟಾಗಲೂ, ನಡುನಡುವೆ 3 ನಿಮಿಷ ನಿಲ್ಲಿಸಿ ಸರ್ಕಾರದಿಂದ ಬಾಯಿ ಮುಚ್ಚಿ ಅನ್ನೋ ಆದೇಶ ಬಂತಾ ಅಂತ ಕೇಳಿಸಿಕೊಳ್ಳಬೇಕು ಅನ್ನೋ ಷರತ್ತಿತ್ತು. ಹಾಡಿನ ಮಧ್ಯೆ 3 ನಿಮಿಷ ಮೌನ, ನೆನೆಸಿಕೊಂಡರೇ ನಗು ಬರುತ್ತೆ.

ಎಲೆತ್ರಾದಲ್ಲಿ ಸಮುದ್ರ ಸುತ್ತುತ್ತಾ ಮಾರ್ಕೋನಿ ಅಲೆಯುದ್ದ ಕಡಿಮೆ ಮಾಡುತ್ತಾ ಹೋದ. ಸಣ್ಣ ಅಲೆಯನ್ನು ಕನ್ನಡಿಯಂಥ ಆಂಟೆನಾದಿಂದ ಒಂದೇ ದಿಕ್ಕಿಗೆ ಎಸೆಯುವ ಬೀಮ್ ಪದ್ಧತಿ ಹೀಗೆ ಬಂತು. ಕಂಪನಿಯ ಎಂಜಿನಿಯರ್ ಚಾರ್ಲ್ಸ್ ಫ್ರಾಂಕ್ಲಿನ್ ಅವರ ಪಾಲು ಇದರಲ್ಲಿ ದೊಡ್ಡದು. ದೈತ್ಯ ಸ್ಟೇಷನ್ನುಗಳ ಬದಲು ಕಡಿಮೆ ಶಕ್ತಿ, ಕಡಿಮೆ ಖರ್ಚು. ಭಾರತದ ಬೀಮ್ ಸೇವೆ 1927ರಲ್ಲಿ ಶುರುವಾಯಿತು. ಪುಣೆ ಹತ್ತಿರದ ಖಡ್ಕಿಯಿಂದ ಕಳಿಸೋದು, ದೌಂಡ್‌ನಲ್ಲಿ ತಗೊಳ್ಳೋದು. 1930ರಲ್ಲಿ ಜಿನೋವಾದಲ್ಲಿ ನಿಂತಿದ್ದ ಎಲೆತ್ರಾದಿಂದ ಒಂದು ಕೀ ಒತ್ತಿ ಸಿಡ್ನಿ ಟೌನ್ ಹಾಲಿನ ದೀಪಗಳನ್ನು ಹೊತ್ತಿಸಿದ. 1933ರಲ್ಲಿ ವ್ಯಾಟಿಕನ್ ಮತ್ತು ಪೋಪರ ಬೇಸಿಗೆಮನೆಯ ನಡುವೆ ಮೈಕ್ರೋವೇವ್ ಟೆಲಿಫೋನ್ ಹಾಕಿಕೊಟ್ಟ. ಇವತ್ತು ಉಪಗ್ರಹಗಳು ಬಳಸೋದೂ ಮೈಕ್ರೋವೇವನ್ನೇ.

ಪಠ್ಯಪುಸ್ತಕ ಹೇಳದ ಇನ್ನೊಂದು ಭಾಗ ಉಳಿದಿದೆ, ಬರೆಯೋಕೆ ನಮಗೂ ಇಷ್ಟವಿಲ್ಲ. 1923ರಲ್ಲಿ ಮಾರ್ಕೋನಿ ಮುಸ್ಸೊಲಿನಿಯ ಫ್ಯಾಸಿಸ್ಟ್ ಪಕ್ಷ ಸೇರಿದ. 1930ರಲ್ಲಿ ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷನಾದ, ಆ ಸ್ಥಾನದ ಜೊತೆಗೆ ಫ್ಯಾಸಿಸ್ಟ್ ಮಹಾಸಭೆಯ ಸದಸ್ಯತ್ವವೂ ಬಂತು. ಆತನ ಅವಧಿಯಲ್ಲಿ ಒಬ್ಬ ಯಹೂದಿ ವಿದ್ವಾಂಸನೂ ಅಕಾಡೆಮಿಗೆ ಸೇರಲಿಲ್ಲ. ಯಹೂದಿ ಅಭ್ಯರ್ಥಿಗಳ ಹೆಸರಿನ ಪಕ್ಕ ಒಂದು ಅಕ್ಷರದ ಗುರುತು ಹಾಕಿದ ಪಟ್ಟಿಗಳು ಬಹಳ ವರ್ಷಗಳ ನಂತರ ದಾಖಲೆಗಳಲ್ಲಿ ಸಿಕ್ಕವು. ದೇಶದ ಕಾನೂನು ಹಾಗೆ ಮಾಡು ಅನ್ನೋದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದಾಗ ಮಾರ್ಕೋನಿ ಅದರ ಪರವಾಗಿ ಊರೂರು ತಿರುಗಿ ಮಾತಾಡಿದ. ಲಂಡನ್‌ಗೆ ಬಂದು ಬಿಬಿಸಿಯಲ್ಲಿ ಮಾತಾಡಬೇಕು ಅಂದಾಗ ಅವರು ಆಗಲ್ಲ ಅಂದುಬಿಟ್ಟರು. ಆ ಬಿಬಿಸಿ ಕಟ್ಟಿದ ಕಂಪನಿಗಳಲ್ಲಿ ಮಾರ್ಕೋನಿಯದೂ ಒಂದು. ಬ್ರಿಟನ್ನಿನ ಸಂವಹನದ ಮೇಲೆ ಇಟಲಿಯವನ ಹಿಡಿತ ಬೇಡ ಅಂತ ಮೂವತ್ತು ವರ್ಷ ಹಿಂದೆ ಅನುಮಾನಪಟ್ಟವರು ಸಣ್ಣತನದವರು ಅಂತ ನಾವು ಓದುತ್ತಾ ಬಂದಿದ್ದೆವು, ಇಲ್ಲಿಗೆ ಬಂದಾಗ ಸ್ವಲ್ಪ ತಡವರಿಸಿದೆವು.

ಹೃದಯ ಕೆಲವು ವರ್ಷಗಳಿಂದ ಸೋಲುತ್ತಿತ್ತು. 1937ರ ಜುಲೈ 20ರಂದು ರೋಮ್‌ನಲ್ಲಿ ಮಾರ್ಕೋನಿ ತೀರಿಕೊಂಡ, ಕಂಪನಿ ನೋಂದಾಯಿಸಿ ಸರಿಯಾಗಿ ನಲವತ್ತು ವರ್ಷಕ್ಕೆ. ವಯಸ್ಸು 63. ಲೋಕದ ಹಲವು ದೇಶಗಳ ರೇಡಿಯೊ ಸ್ಟೇಷನ್ನುಗಳು ಎರಡು ನಿಮಿಷ ಮೌನವಾದವು.

ಯುದ್ಧಕಾಲದಲ್ಲಿ ತನ್ನ ಪೇಟೆಂಟುಗಳನ್ನು ಬಳಸಿಕೊಂಡದ್ದಕ್ಕೆ ಪರಿಹಾರ ಕೊಡಿ ಅಂತ ಅಮೆರಿಕನ್ ಸರ್ಕಾರದ ಮೇಲೆ ಕಂಪನಿ ಹೂಡಿದ್ದ ದಾವೆ ಆತ ಸತ್ತ ಮೇಲೂ ನಡೆಯುತ್ತಲೇ ಇತ್ತು. 1943ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಲಾಡ್ಜ್, ಟೆಸ್ಲಾ, ಸ್ಟೋನ್ ಅವರ ಕೆಲಸ ಮೊದಲೇ ಇತ್ತು ಅಂತ ಹೇಳಿ ಟ್ಯೂನಿಂಗ್ ಪೇಟೆಂಟಿನ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾದಾಗ ಜರ್ಮನ್ನರು ಎಲೆತ್ರಾವನ್ನು ವಶಕ್ಕೆ ತಗೊಂಡು, ಲ್ಯಾಬಿನ ಯಂತ್ರಗಳನ್ನು ಕಳಚಿ, ಬಂದೂಕು ಏರಿಸಿ ಕಾವಲು ಹಡಗು ಮಾಡಿಕೊಂಡರು. 1944ರ ಜನವರಿಯಲ್ಲಿ ಏಡ್ರಿಯಾಟಿಕ್ ಕರಾವಳಿಯಲ್ಲಿ ಮಿತ್ರಪಡೆಯ ವಿಮಾನಗಳ ದಾಳಿಗೆ ಅದು ಸಿಕ್ಕಿತು. 1970ರ ದಶಕದಲ್ಲಿ ಹಡಗನ್ನು ತುಂಡು ತುಂಡಾಗಿ ಕತ್ತರಿಸಿ ಬೇರೆ ಬೇರೆ ಊರುಗಳಿಗೆ ಹಂಚಿದರು. ಒಂದು ತುಂಡು ಈಗ ವಿಲ್ಲಾ ಗ್ರಿಫೋನೆಯ ಅಂಗಳದಲ್ಲಿದೆ, ಹುಡುಗ ಮೊದಲ ತಂತಿ ಎತ್ತರಕ್ಕೆ ಏರಿಸಿದ ಮನೆಯಲ್ಲೇ.